ಎಂಟನೆಯ ಪಾಠ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ವಿಜ್ಞಾನದ ಟೀಚರ್. ನೆಟ್ಟಿನಲ್ಲಿ ಉಚಿತವಾಗಿ ಸಿಗುವ ಪಾಠಯೋಜನೆಗಳಲ್ಲಿ ನಮ್ಮ ಕೇರಳ ಸಿಲೆಬಸ್ಸಿನವು ಮಲಯಾಳದಲ್ಲಿ, ಕನ್ನಡದವು ಕರ್ನಾಟಕದ ಸಿಲೆಬಸ್ಸಿಗೆ. ನಂಬಬಹುದಾದದ್ದು ವರ್ಕಾಡಿಯ ಒಬ್ಬ ಮಾಸ್ಟ್ರ ಬ್ಲಾಗ್ ಮಾತ್ರ. ಈ ವರ್ಷ ಅದು ಏಳನೇ ಪಾಠಕ್ಕೆ ನಿಂತುಬಿಟ್ಟಿತು. ಅಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಮಾಸ್ಟ್ರ ಹೆಂಡತಿ ಎತ್ತಿದರು.

"ಎಂಟನೇ ಪಾಠ ಯಾವಾಗ ಬರ್ತದೆ?" ಎಂದು ಕೇಳಿದೆ.

"ಅವರು ತೀರಿಕೊಂಡು ಎರಡು ತಿಂಗಳಾಯ್ತು ಟೀಚರೇ. ಏಳನೆಯದನ್ನು ಆಸ್ಪತ್ರೆಯಲ್ಲಿ ಮಲಗಿಕೊಂಡೇ ಬರೆದದ್ದು."

ಮತ್ತೆ ಅವರೇ ಮೆಲ್ಲಗೆ ಕೇಳಿದರು: "ಪಾಸ್‌ವರ್ಡ್ ನನ್ನ ಹತ್ತಿರ ಉಂಟು. ಉಳಿದದ್ದು ನೀವು ಬರೀತೀರಾ?"

ಒಪ್ಪಿದೆ. ಆ ಒಂದು ಪಾಠಕ್ಕೆ ಹನ್ನೊಂದು ದಿನ ಹಿಡಿಯಿತು. ಇಷ್ಟು ವರ್ಷ ಅವರು ಬರೆದದ್ದನ್ನು ಒಂದೇ ನಿಮಿಷದಲ್ಲಿ ಇಳಿಸಿಕೊಂಡು, ಅಕ್ಷರ ಸಣ್ಣದಾಯಿತೆಂದು ಗೊಣಗುತ್ತಿದ್ದವಳು ನಾನು.