ಮಲ್ಲಿಗೆ ಕುಂಡದ ಹಿಂದಿನ ಕವಳ

ಹೊಸನಗರದ ಅಕ್ಕನ ಮನೆಗೆ ಭಾನುವಾರ ಹೋದರೆ ಮೊದಲು ಬೆಲ್ಲ-ನೀರು, ಆಮೇಲೆ ಕವಳ. ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆ ಹೋಳು, ಚೂರು ಹೊಗೆಸೊಪ್ಪು ಇಟ್ಟು ಮಡಿಸಿ ಅವಳೇ ಕೈಗೆ ಕೊಡಬೇಕು. ಅದು ಬಾಯಿಗೆ ಬಿದ್ದ ಮೇಲೇ ನಮ್ಮಿಬ್ಬರ ಮಾತು ಶುರು. ಭಾವ ತೀರಿಕೊಂಡ ಮೇಲೆ ಅವಳು ಮನಸ್ಸು ಬಿಚ್ಚಿ ಮಾತಾಡಿದ್ದೆಲ್ಲ ಆ ಕವಳದ ತಟ್ಟೆಯ ಎದುರೇ.

ನನ್ನದು ತೀರ್ಥಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮೋಟಾರು ಕಿರುಗುಟ್ಟಲು ಶುರುವಾಗಿ ತಿಂಗಳಾದ ಮೇಲೆ ಹೊತ್ತು ತರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. "ಸದ್ದು ಬಂದ ದಿನಾನೇ ತರಕ್ಕೆ ಎಂತ ಆಗಿತ್ತು ಮಾರಾಯ?" ಎಂದು ಬೈಯದೆ ಬಿಟ್ಟವನಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನನ್ನದೇ ಕೆನ್ನೆಯೊಳಗೆ ಬಿಳಿ ಕಲೆಯೊಂದು ಎದ್ದು, ಖಾರ ತಾಗಿದರೆ ಉರಿಯತೊಡಗಿ ಎಷ್ಟೋ ದಿನವಾದರೂ ಸುಮ್ಮನಿದ್ದೆ. ಕೊನೆಗೆ ಹಲ್ಲುನೋವಿಗೆಂದು ಹೋದಾಗ ಡಾಕ್ಟರೇ ಅದನ್ನು ಕಂಡು, "ಇವತ್ತಿಂದ ಕವಳ ಬಂದ್. ಶಿವಮೊಗ್ಗಕ್ಕೆ ಹೋಗಿ ಟೆಸ್ಟ್ ಮಾಡಿಸ್ಕಳಿ," ಎಂದರು.

ಬುದ್ಧಿಗೆ ಎಲ್ಲ ಅರ್ಥವಾಗಿತ್ತು. ಹೆದರಿಕೆ ಕೇಳಬೇಕಲ್ಲ! ಟೆಸ್ಟ್ ಮಾಡಿಸಿದರೆ ತಾನೇ ಕೆಟ್ಟ ಸುದ್ದಿ ಬರುವುದು ಎಂಬುದು ಅದರ ವಾದ. ಅಕ್ಕನಿಗೆ ಹೇಳಿದರೆ, ತನ್ನ ಕೈಯಾರೆ ಕೊಟ್ಟದ್ದೇ ವಿಷವಾಯಿತೆಂದು ಅವಳು ಕೊರಗುತ್ತಾಳೆ. ಹಾಗಾಗಿ ಕವಳ ಬಿಟ್ಟೆ, ಟೆಸ್ಟ್ ಮುಂದೂಡಿದೆ, ಅಕ್ಕನಿಗೆ ಏನೂ ಹೇಳಲಿಲ್ಲ. ಬುದ್ಧಿಗೂ ಮನಸ್ಸಿಗೂ ಸಮಪಾಲು ಕೊಟ್ಟೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಕ್ಕ ಕವಳ ಕೊಟ್ಟು ಚಹಾಕ್ಕಿಡಲು ಒಳಗೆ ಹೋದ ತಕ್ಷಣ ಅದನ್ನು ಜಗಲಿಯ ಮಲ್ಲಿಗೆ ಕುಂಡದ ಹಿಂದೆ ತೂರಿಸಿ, ನಾಲಿಗೆಯಿಂದ ಕೆನ್ನೆ ಉಬ್ಬಿಸಿಕೊಂಡು ಕೂರುತ್ತಿದ್ದೆ. ಐವತ್ತು ದಾಟಿದವನ ಬಾಳು ನೋಡಿ!

ನಾಲ್ಕನೇ ಭಾನುವಾರ ಬೆಲ್ಲ-ನೀರಿನ ಹಿಂದೆಯೇ ತಟ್ಟೆ ಬಂತು. ಅದರಲ್ಲಿ ಬಾಡಿ ಕಪ್ಪಾದ ಮೂರು ಕವಳ ಇದ್ದವು.

"ಬ್ಯಾಡ ಹೇಳಿ ಬಾಯಿಬಿಟ್ಟು ಹೇಳಲಾಗ್ತಿತ್ತಿಲ್ಯ? ಯನ್ನ ಮೇಲೆ ಎಂತ ಸಿಟ್ಟು ನಿಂಗೆ?" ಅಕ್ಕ ತಟ್ಟೆಯನ್ನು ನನ್ನತ್ತ ತಳ್ಳಿದಳು.

ನನಗೆ ನಾಚಿಕೆಯಾಯಿತು. ಕಲೆ, ಡಾಕ್ಟರು, ಟೆಸ್ಟ್ ಎಲ್ಲವನ್ನೂ ಹೇಳಿ, ಬೈಗುಳಕ್ಕೋ ಅಳುವಿಗೋ ಸಿದ್ಧನಾಗಿ ತಲೆ ತಗ್ಗಿಸಿದೆ. ಎರಡೂ ಬರಲಿಲ್ಲ. ಅಕ್ಕ ಮೊಬೈಲಿನ ಟಾರ್ಚ್ ಹಚ್ಚಿ, "ಬಾಯಿ ತೆಗಿ," ಎಂದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೊಬೈಲನ್ನು ನನ್ನ ಕೈಗೆ ಕೊಟ್ಟು ತಾನೂ ಬಾಯಿ ತೆರೆದಳು. ಅವಳ ಕೆನ್ನೆಯೊಳಗಿನ ಬಿಳಿ ಕಲೆ ನನ್ನದಕ್ಕಿಂತ ದೊಡ್ಡದಿತ್ತು.

"ಯಾವಾಗಿಂದ ಅಕ್ಕಾ?"

"ಮಳೆಗಾಲಕ್ಕೂ ಮುಂಚಿಂದ ಇದ್ದು. ಕವಳ ಬಿಟ್ರೆ ನೀ ಬಪ್ಪುದೂ ಬಿಡ್ತ್ಯನ ಹೇಳಿ ಹೆದ್ರಿಕೆ ಆತು. ಯಾರ ಹತ್ರನೂ ಹೇಳಿದ್ನಿಲ್ಲೆ."

ಅವಳನ್ನು ನೋಯಿಸಬಾರದೆಂದು ನಾನು ಮುಚ್ಚಿಟ್ಟ ಮೂರು ವಾರ ಅವಳ ಪಾಲಿನಿಂದಲೂ ಕಳೆದುಹೋಗಿತ್ತು. ಸಂಕಟ ತಡೆಯಲಾರದೆ ಅವಳ ಕೈ ಹಿಡಿದುಕೊಂಡೆ. ಮರುದಿನ ಬೆಳಗಿನ ಬಸ್ಸಿಗೇ ಶಿವಮೊಗ್ಗಕ್ಕೆ ಹೊರಟೆವು. ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗ ನರ್ಸ್ ಬಂದು, "ನಿಮ್ಮಲ್ಲಿ ಪೇಷೆಂಟ್ ಯಾರು?" ಎಂದು ಕೇಳಿದಳು. ಇಬ್ಬರೂ ಎದ್ದು ನಿಂತೆವು.