ಪೂಜೆಗೆ ಕುಳಿತ ಪಾನಾಗಳು

ಮಕ್ಕಳೇ, ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಹಳೆಯ ಕಾರಿತ್ತು. ಅದು ರಸ್ತೆಯ ಮೇಲೆ ಓಡಿದ ದಿನಗಳಿಗಿಂತ ಕುಪ್ಪೇಲೂರಿನ ನಮ್ಮ ಅಂಗಳದಲ್ಲಿ ಬಾನೆಟ್ ಎತ್ತಿಕೊಂಡು ನಿಂತ ದಿನಗಳೇ ಹೆಚ್ಚು. ಅಪ್ಪನಿಗೆ ಹಿಟ್ಟಿನ ಗಿರಣಿ ಇತ್ತು. ಗಿರಣಿಯ ಇಂಜಿನ್ ಬಿಚ್ಚಿ ಜೋಡಿಸಿ ರೂಢಿಯಾಗಿದ್ದರಿಂದ ಕಾರಿಗೂ ತಾನೇ ಕೈ ಹಾಕುತ್ತಿದ್ದ. ಆದರೆ ಅದರ ರೋಗ ಪತ್ತೆ ಹಚ್ಚುವುದರಲ್ಲಿ ಅವನನ್ನು ಮೀರಿಸಿದವಳು ನನ್ನ ಅಕ್ಕ, ನಿಮ್ಮ ಅಜ್ಜಿ. ಆಗ ಅವಳಿಗೆ ಹದಿನೇಳು, ನನಗೆ ಹತ್ತು.

ಅಕ್ಕ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ತಾಗಿಸಿ, ಅದರ ಮರದ ಹಿಡಿಕೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದಳು. ಡಾಕ್ಟರು ಎದೆಯ ಮೇಲೆ ನಳಿಗೆ ಇಟ್ಟು ಕೇಳುತ್ತಾರಲ್ಲ, ಹಾಗೆ. ಆಮೇಲೆ, "ಮೂರನೇ ಪ್ಲಗ್ ಕೆಮ್ಮಾಕತ್ತೈತಿ ನೋಡ್ರಿ" ಅನ್ನುತ್ತಿದ್ದಳು. ಬಿಚ್ಚಿ ನೋಡಿದರೆ ಮೂರನೆಯದೇ ಮಸಿ ಹಿಡಿದು ಕಪ್ಪಾಗಿರುತ್ತಿತ್ತು. ಬೆಳಿಗ್ಗೆ ಗಾಡಿ ಚಾಲೂ ಆಗದಿದ್ದರೆ ಬ್ಯಾಟರಿಯ ಕೊಂಬಿಗೆ ಹತ್ತಿದ ಬಿಳಿ ಬೂಷ್ಟನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ಉಜ್ಜುತ್ತಿದ್ದಳು. ಅವಳ ಉಗುರಿನ ಸಂದಿಯ ಕಪ್ಪು ಹಬ್ಬದ ದಿನವೂ ಹೋಗುತ್ತಿರಲಿಲ್ಲ.

ಹಾವೇರಿಯಲ್ಲಿ ಗಾಡಿ ರಿಪೇರಿ ಕಲಿಸುವ ಶಾಲೆಯೊಂದಿತ್ತು. ಅಕ್ಕ ಅಲ್ಲಿಂದ ಅರ್ಜಿಯ ಹಾಳೆ ತರಿಸಿಕೊಂಡಿದ್ದಳು. ಅದಕ್ಕೆ ಅಪ್ಪನ ಸಹಿ ಬೇಕಿತ್ತು. ಅಪ್ಪನಿಗೆ ಒಳಗೊಳಗೇ ಮನಸ್ಸಿತ್ತು, ಆದರೆ ತನ್ನ ತಮ್ಮನ, ಅಂದರೆ ನಮ್ಮ ಕಾಕಾನ, ಬಾಯಿಗೆ ಅಂಜುತ್ತಿದ್ದ. ಕಾಕಾ ನಮ್ಮ ಮನೆಗೆ ಬಂದಾಗಲೆಲ್ಲ, "ಅಣ್ಣಾ, ಮಗಳ ಕೈಯಾಗ ಪಾನಾ ಕೊಟ್ಟಿ. ಇನ್ನ ಮಗನ ಕೈಯಾಗ ಲಟ್ಟಣಿಗಿ ಕೊಡಾಂವೇನು?" ಎಂದು ನಗುತ್ತಿದ್ದ. ಬೋಲ್ಟು ತಿರುಗಿಸುವ ಸ್ಪ್ಯಾನರಿಗೆ ನಮ್ಮ ಕಡೆ ಪಾನಾ ಅನ್ನುತ್ತಾರೆ.

ಕೊನೆಗೆ ಅಪ್ಪ ಒಂದು ಮಾತು ಕೊಟ್ಟ. "ಈ ದಸರಾಕ್ಕ ಗಾಡಿ ಕೆಲಸಾ ಎಲ್ಲಾ ನೀನ ಮಾಡವ್ವಾ. ಬನ್ನಿ ಕೊಡಾಕ ಬ್ಯಾಡಗಿಗೆ ಹೋಗಿ ಬರೂಣು. ಎಲ್ಲೂ ನಿಲ್ಲದಂಗ ಹೋಗಿ ಬಂದ್ರ, ಮನೀಗೆ ಬಂದ ಕೂಡ್ಲೇ ಸಹಿ ಹಾಕ್ತೇನಿ."

ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ಮುಂಜಾನೆ ಅಕ್ಕ ಕಾರಿನ ಹಳೆಯ ಎಣ್ಣೆ ಇಳಿಸಿದಳು. ಇಂಜಿನ್ನಿನ ತಳದಲ್ಲಿ ಒಂದು ಬೋಲ್ಟು ಇರುತ್ತದೆ. ಅದನ್ನು ಬಿಚ್ಚಿದರೆ ಡಾಂಬರಿನಂಥ ಎಣ್ಣೆ ತಗಡಿನ ಬುಟ್ಟಿಗೆ ಸುರಿಯುತ್ತದೆ. ಎಣ್ಣೆ ಪೂರಾ ಇಳಿಯುವಷ್ಟರಲ್ಲಿ ಅವ್ವ ಒಳಗಿನಿಂದ ಹೋಳಿಗೆ ಲಟ್ಟಿಸಲು ಕರೆದಳು. ಅಕ್ಕ ಪಾನಾ ನನ್ನ ಕೈಗೆ ಕೊಟ್ಟು, "ತಮ್ಮಾ, ಬೋಲ್ಟ್ ಮೊದ್ಲ ಕೈಲೇ ತಿರುವು. ಆಮ್ಯಾಲೆ ಪಾನಾ ಹಾಕಿ ಗಟ್ಟಿ ಬಿಗಿ ಮಾಡು. ಅದಾದ ಮ್ಯಾಲೆ ಹೊಸಾ ಎಣ್ಣಿ ಹಾಕು. ಮರೀಬ್ಯಾಡ" ಅಂದಳು.

ನಾನು ಕಾರಿನ ಕೆಳಗೆ ತೂರಿ ಬೋಲ್ಟನ್ನು ಕೈಯಿಂದ ತಿರುಗಿಸಿದೆ. ಅಷ್ಟರಲ್ಲಿ ಒಳಗಿಂದ ಹೂರಣದ ವಾಸನೆ ಬಂತು. ಬೆಲ್ಲ, ಏಲಕ್ಕಿ, ಬೆಂದ ಕಡಲೆಬೇಳೆ. ಪಾನಾ ಅಲ್ಲೇ ಬಿಟ್ಟು ಅಡುಗೆಮನೆಯ ಹಿಂದಿನ ಬಾಗಿಲಿಗೆ ಓಡಿದೆ. ಒಂದು ಉಂಡೆ ತಿಂದೆ, ಇನ್ನೊಂದು ತಿಂದೆ, ಹಿತ್ತಿಲಲ್ಲೇ ಆಡುತ್ತ ಉಳಿದೆ. ತಿರುಗಿ ಬಂದಾಗ ಪಾನಾ ಇರಲಿಲ್ಲ. ಅವ್ವ ಪಾನಾಗಳನ್ನೆಲ್ಲ ಆರಿಸಿಕೊಂಡು ಹೋಗಿ ಹುಣಸೆಹಣ್ಣು ಹಾಕಿ ತೊಳೆದು, ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಜೊತೆ ದೇವರ ಮುಂದಿನ ಮಣೆಯ ಮೇಲೆ ಸಾಲಾಗಿ ಕೂರಿಸಿದ್ದಳು.

ನಾನು ಕೈ ಚಾಚಿದ್ದೇ ತಡ, "ಮುಟ್ಟಬ್ಯಾಡ! ಪೂಜಿಗೆ ಕುಂತಾವು. ನಾಳೆ ಎದ್ದ ಮ್ಯಾಲೇನ ಮುಟ್ಟೂದು" ಎಂದು ಗದರಿದಳು.

ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಪ್ಪ ಗಿರಣಿಯ ಪಕ್ಕದ ಮನೆಯಿಂದ ಪಾನಾ ಕಡ ತಂದಾದರೂ ಬಿಗಿ ಮಾಡುತ್ತಿದ್ದ. ಆದರೆ ಕೆಲಸ ಬಿಟ್ಟು ತಿನ್ನಲು ಹೋದದ್ದು ಗೊತ್ತಾಗುತ್ತದಲ್ಲ ಎಂದು ಸುಮ್ಮನಾದೆ. ಹೋಗಿ ಹೊಸ ಎಣ್ಣೆ ಸುರಿದೆ. ಅಕ್ಕ ಬಂದು, "ಬಿಗಿ ಮಾಡೀಯಿಲ್ಲೋ?" ಎಂದು ಕೇಳಿದಳು. "ಗಟ್ಟಿ ಮಾಡೇನಿ" ಎಂದೆ. ಅವಳು ನನ್ನ ತಲೆ ಸವರಿ ಕೈ ತೊಳೆಯಲು ಹೋದಳು.

ಮರುದಿನ ಬೆಳಿಗ್ಗೆ ಹೊಸ ಅಂಗಿ ಹಾಕಿಕೊಂಡು ಅಂಗಳಕ್ಕೆ ಬಂದೆ. ಕಾರಿಗೆ ಬಾಳೆಕಂಬ, ಮಾಲೆ. ಅದರ ಹೊಟ್ಟೆಯ ಕೆಳಗೆ ಮಣ್ಣಿನಲ್ಲಿ ರೂಪಾಯಿ ಅಗಲದ ಎಣ್ಣೆಯ ಕಲೆ. ಪಾನಾಗಳು ಆಗ ಪೂಜೆಯಿಂದ ಎದ್ದಿದ್ದವು, ಮುಟ್ಟಬಹುದಿತ್ತು. ಕೆಳಗೆ ತೂರಿದರೆ ಅಂಗಿ ಹೊಲಸಾಗುತ್ತದೆ, ಯಾಕೆ ತೂರಿದೆ ಎಂದೂ ಕೇಳುತ್ತಾರೆ. ನಾನು ಸುತ್ತ ನೋಡಿದೆ. ಕಾಲಿನಿಂದ ಮಣ್ಣು ಎಳೆದು ಆ ಕಲೆಯನ್ನು ಮುಚ್ಚಿದೆ.

ಮಕ್ಕಳೇ, ಹಿಂದಿನ ದಿನದ್ದು ಹುಡುಗತನ ಎಂದು ನೀವು ಬಿಡಬಹುದು. ಈ ಮಣ್ಣು ಎಳೆದದ್ದು ಹುಡುಗತನವಲ್ಲ. ಏನು ಮಾಡುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು.

ರಾಣೆಬೆನ್ನೂರು ದಾಟುವವರೆಗೆ ಗಾಡಿ ಚೆನ್ನಾಗಿ ಓಡಿತು. ಅಪ್ಪ ಓಡಿಸುತ್ತಿದ್ದ, ಕಾಕಾ ಅವನ ಪಕ್ಕದಲ್ಲಿ ಕುಳಿತಿದ್ದ. ಹಿಂದೆ ಅವ್ವ, ಅಕ್ಕ, ನಾನು. ಎರಡೂ ಕಡೆ ಗೋವಿನಜೋಳದ ಹೊಲ, ಕಿಟಕಿಯಲ್ಲಿ ತಣ್ಣನೆ ಗಾಳಿ. ಅಕ್ಕನ ಮಡಿಲಲ್ಲಿ ಬನ್ನಿ ಸೊಪ್ಪಿನ ಗಂಟು, ಅದರ ಅಡಿಯಲ್ಲಿ ಆ ಅರ್ಜಿ. ಹೆದ್ದಾರಿಯ ಮೇಲೆ ಸ್ವಲ್ಪ ದೂರ ಹೋಗುತ್ತಲೇ ಅವಳು ಬೆನ್ನು ನೆಟ್ಟಗೆ ಮಾಡಿದಳು.

"ಅಪ್ಪಾ, ಲಗೂ ನಿಲ್ಲಸ್ರಿ. ಸಪ್ಪಳ ಬದ್ಲಾತು."

"ನನಗೇನೂ ಕೇಳವಲ್ದು" ಎಂದ ಕಾಕಾ. "ಹೊಟ್ಟಿ ಹಸದಿರಬೇಕು, ಅದರ ಸಪ್ಪಳ ಅದು."

ಅಪ್ಪ ನಗುತ್ತಲೇ ಕಾಲು ಸಡಿಲಿಸಿದ. ಅಷ್ಟರಲ್ಲಿ ಇಂಜಿನ್ ಕಲ್ಲು ಕುಟ್ಟಿದಂತೆ ಕಟಕಟ ಎಂದಿತು. ಒಮ್ಮೆ ಚೀರಿ ಹಿಡಿದುಕೊಂಡು ನಿಂತೇ ಬಿಟ್ಟಿತು. ಸುಟ್ಟ ಕಬ್ಬಿಣದ ವಾಸನೆ. ಹಿಂದೆ ರಸ್ತೆಯುದ್ದಕ್ಕೂ ಕಪ್ಪು ಗೆರೆ.

ಹಬ್ಬದ ಸೀರೆಯಲ್ಲೇ ಅಕ್ಕ ಕಾರಿನ ಕೆಳಗೆ ತೂರಿದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಸೆರಗೆಲ್ಲ ಎಣ್ಣೆ. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಕಾರಿನ ವಿಷಯದಲ್ಲಂತೂ ಕಂಡದ್ದನ್ನೇ ಹೇಳುತ್ತಿದ್ದಳು.

"ತಳದ ಬೋಲ್ಟ್ ಬಿದ್ದೈತಿ, ಅಪ್ಪಾ. ಎಣ್ಣಿ ಎಲ್ಲಾ ಸೋರಿ ಇಂಜಿನ್ ಹಿಡದೈತಿ. ಮುರದಿಲ್ಲ, ತೂತಿನ್ಯಾಗ ಬೋಲ್ಟ್ ತಿರುಗೂ ಎಳಿ ಎಲ್ಲಾ ಚಲೋ ಅದಾವು. ಅದಕ್ಕ ಪಾನಾನ ಹತ್ತಿಲ್ಲ. ಬರೇ ಕೈಲೇ ತಿರುವಿದ್ದು."

ಕಾಕಾ ತೊಡೆ ತಟ್ಟಿಕೊಂಡ. "ತನ್ನ ಬಾಯಿಂದನ ಒಪ್ಪಿಕೊಂಡ್ಳು ನೋಡಣ್ಣಾ! ಹಾವೇರಿಗೆ ಕಳಸಾಂವ ಇದ್ಯಲ್ಲ, ಕಳಸು."

ಅಕ್ಕ ನನ್ನ ಕಡೆ ತಿರುಗಿದಳು. "ನಾ ನಿನಗ ಹೇಳಿದ್ದೆಲ್ಲೋ, ತಮ್ಮಾ?"

ಎಲ್ಲರೂ ನನ್ನನ್ನು ನೋಡಿದರು. ನಾನು ನೆಲ ನೋಡುತ್ತ, "ಅಕ್ಕ ಹೇಳಿದಷ್ಟ ಮಾಡೇನಿ" ಎಂದೆ.

"ಸಣ್ಣ ಹುಡುಗನ ಮ್ಯಾಲೆ ಹಾಕಬ್ಯಾಡ" ಎಂದ ಅಪ್ಪ. ಬೈಯಲಿಲ್ಲ, ಕೂಗಲಿಲ್ಲ. ಅವಳ ಸೀಟಿನ ಮೇಲಿದ್ದ ಬನ್ನಿಯ ಗಂಟು ಎತ್ತಿದ. ಅದರಡಿಯ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ತನ್ನ ಜೇಬಿಗೆ ಹಾಕಿಕೊಂಡ. ಆ ಹಾಳೆಯನ್ನು ಮತ್ತೆ ಯಾರೂ ನೋಡಲಿಲ್ಲ.

ಆ ದಿನದಿಂದ ಅಕ್ಕ ಕಾರಿನ ಹತ್ತಿರ ಹೋಗಲಿಲ್ಲ. ಹೋಗಬೇಡ ಎಂದು ಅಪ್ಪ ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ಎರಡು ವರ್ಷಕ್ಕೆ ಅವಳನ್ನು ಐರಣಿಗೆ ಮದುವೆ ಮಾಡಿಕೊಟ್ಟರು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಗಿರಣಿಗೆ ನಿಂತೆ. ಯಂತ್ರ ಕೆಟ್ಟಾಗಲೆಲ್ಲ ಅಪ್ಪ, "ನಿಮ್ಮಕ್ಕಗ ಕಿವಿ ಇತ್ತು, ಕೈಯಾಗ ಬಂದೋಬಸ್ತ್ ಇದ್ದಿದ್ದಿಲ್ಲ" ಅನ್ನುತ್ತಿದ್ದ. ಬಿಗಿ, ಭದ್ರ ಅನ್ನುವುದಕ್ಕೆ ಅವನ ಮಾತು ಬಂದೋಬಸ್ತ್. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಹಾಗೆ ಅನ್ನುತ್ತಲೇ ಅವನು ತೀರಿಹೋದ.

ಹೋದ ವರ್ಷ ಐರಣಿಗೆ ಹೋಗಿ ಅಕ್ಕನ ಮುಂದೆ ಎಲ್ಲವನ್ನೂ ಹೇಳಿದೆ. ಹೂರಣ, ಪಾನಾ, ಅಂಗಳದ ಕಲೆ, ಕಾಲಿನಿಂದ ಎಳೆದ ಮಣ್ಣು. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ನನಗ್ಯಾಕ ಹೇಳ್ತೀಯೋ?" ಎಂದಳು. "ನಾ ಮಾಡಿದ್ದಿಲ್ಲ ಅನ್ನೂದು ನನಗ ಗೊತ್ತಿತ್ತು. ಅಪ್ಪಗ ಗೊತ್ತಾಗಬೇಕಿತ್ತು."

ಅಪ್ಪನಿಗೆ ಇನ್ನು ಹೇಳಲಾಗದು. ನಿಮಗಾದರೂ ಹೇಳಿರೋಣ ಎಂದು ಇದನ್ನು ಬರೆದೆ. ನಿಮ್ಮ ಅಜ್ಜಿಯ ಕೈಯಲ್ಲಿ ಬಂದೋಬಸ್ತ್ ಇತ್ತು.

ಈಗ ನಿಮ್ಮ ಅಪ್ಪನ ಕಾರಿನಲ್ಲಿ ಎಣ್ಣೆ ಒಂದಿಷ್ಟು ಕಡಿಮೆಯಾದರೆ ಮುಂದೆ ಕೆಂಪು ದೀಪ ಹತ್ತುತ್ತದೆ, ಕುಂಯ್ ಎಂದು ಸಪ್ಪಳ ಬರುತ್ತದೆ, ಎಲ್ಲಿ ಏನು ಕೆಟ್ಟಿದೆ ಎಂದು ಮೊಬೈಲಿನಲ್ಲೂ ಬರೆದು ಬರುತ್ತದೆ. ನೀವು ಅದನ್ನು ಓದಿ ಹೇಳುವುದನ್ನು ನಾನು ಬೆರಗಿನಿಂದ ನೋಡುತ್ತೇನೆ. ನಮ್ಮ ಕಾರಿನಲ್ಲಿ ಎಣ್ಣೆ ತೋರಿಸುವ ಮುಳ್ಳು ಕೆಟ್ಟು ಎಷ್ಟೋ ವರ್ಷವಾಗಿತ್ತು. ಎಣ್ಣೆ ಸೋರುತ್ತಿದೆ ಎಂದು ತಿಳಿದಿದ್ದ ಜೀವ ಆ ಕಾರಿನಲ್ಲಿ ಒಂದೇ ಒಂದು ಇತ್ತು. ಅದು ಹಿಂದಿನ ಸೀಟಿನಲ್ಲಿ, ಅಕ್ಕನ ಪಕ್ಕದಲ್ಲಿ, ಬಾಯಿ ಮುಚ್ಚಿಕೊಂಡು ಕುಳಿತಿತ್ತು.