ಆಗ್ಲಿ ಮಾವನ ಎರಡು ಔಷಧಿ

ಕೋಟೆ ಗೆದ್ದವರ ಕಥೆ ಲೋಕದಲ್ಲಿ ಬೇಕಾದಷ್ಟಿದೆ. ಸಮುದ್ರ ದಾಟಿದವರಿಗೂ ಹುಲಿ ಹೊಡೆದವರಿಗೂ ಕಲ್ಲಿನ ಪ್ರತಿಮೆಗಳಿವೆ. ಆದರೆ ಹುಟ್ಟಿದ ಲಾಗಾಯ್ತು ಯಾರಿಗೂ ‘ಬೇಡ’ ಎನ್ನದೆ, ತಲೆ ಪೂರ್ತಿ ಬೋಳಾಗುವ ತನಕ ಬದುಕಿ ಉಳಿದ ವೀರ ನಮ್ಮ ಬೀದಿಯ ಟೈಲರ್ ಒಬ್ಬನೇ. ಅವನ ಹೆಸರಿನಲ್ಲಿ ಮಾತ್ರ ಯಾರೂ ಒಂದು ಇಟ್ಟಿಗೆಯನ್ನೂ ನಿಲ್ಲಿಸಿಲ್ಲ.

ಬೀದಿಯವರು ಅವನನ್ನು ಕರೆಯುವುದು ಆಗ್ಲಿ ಮಾವ ಎಂದು. ಯಾರು ಏನು ಹೇಳಿದರೂ ಅವನ ಬಾಯಿಂದ ಬರುವುದು ‘ಆಗ್ಲಿ’ ಎಂಬ ಒಂದೇ ಮಾತು. ಬಾಚಣಿಗೆ ಮಾರುವವನು ಬಾಗಿಲಿಗೆ ಬಂದಾಗ ಬೋಳುತಲೆ ಸವರಿಕೊಳ್ಳುತ್ತಲೇ ಒಂದು ಜೊತೆ ಕೊಂಡ. ಕಂಡಕ್ಟರ್ ಬಾಯಿ ತುಂಬ ‘ಬನ್ನಿ, ಬನ್ನಿ’ ಎಂದನೆಂದು ತನಗೆ ಸಂಬಂಧವೇ ಇಲ್ಲದ ಊರಿನ ಬಸ್ಸು ಹತ್ತಿ, ಆ ಊರು ನೋಡಿಕೊಂಡು ಸಂಜೆಗೆ ವಾಪಸಾದ. ಆದರೂ ಅವನ ಕೀರ್ತಿ ನಾಲ್ಕು ಬೀದಿಗೆ ಹಬ್ಬಿದ್ದು ಹಲ್ಲಿನಿಂದ. ಪಕ್ಕದ ಮನೆಯವನಿಗೆ ಹಲ್ಲುನೋವೆಂದು ಮಾವ ಜೊತೆಗೆ ಹೋಗಿದ್ದ. ಹಲ್ಲಿನ ಡಾಕ್ಟರು ಇವನನ್ನು ನೋಡಿ ಕುರ್ಚಿ ತೋರಿಸಿದರು. ಕೂತ. ಬಾಯಿ ತೆಗೆಯಿರಿ ಎಂದರು. ತೆಗೆದ. ಇಬ್ಬರೂ ಮನೆಗೆ ಬಂದಾಗ ಪಕ್ಕದ ಮನೆಯವನ ಹಲ್ಲು ಅವನ ಬಾಯಲ್ಲೇ ಇತ್ತು. ಮಾವನ ಹಲ್ಲು ಕಾಗದದ ಪೊಟ್ಟಣದಲ್ಲಿತ್ತು.

“ನೋವು ನಂದಲ್ಲ ಅಂತ ಒಂದು ಮಾತು ಹೇಳಕ್ಕೆ ಏನಾಗಿತ್ರೀ ನಿಮಗೆ?” ಎಂದು ಹೆಂಡತಿ ಕೇಳಿದಳು.

“ಅಷ್ಟೊತ್ತಿಗೆ ಅವರು ಕೈಗವಸು ಹಾಕ್ಕೊಂಡುಬಿಟ್ಟಿದ್ರು ಕಣೆ.”

ಇಂಥ ಮಹಾಪುರುಷನಿಗೆ ಸಕ್ಕರೆ ಕಾಯಿಲೆ ಬಂತು. ಬಂದದ್ದನ್ನು ಬೇಡ ಎನ್ನುವ ಅಭ್ಯಾಸ ಅವನಿಗೆ ಮೊದಲೇ ಇರಲಿಲ್ಲ.

ಆ ಹೊತ್ತಿಗೆ ನಮ್ಮ ಆರೋಗ್ಯ ಕೇಂದ್ರಕ್ಕೆ ಹೊಸ ಬಣ್ಣ ಬಳಿದಿದ್ದರು. ಎಡಗಡೆಯ ಕೋಣೆಯಲ್ಲಿ ಮಾತ್ರೆ ಬರೆಯುವ ಡಾಕ್ಟರಮ್ಮ, ಬಲಗಡೆಯ ಕೋಣೆಯಲ್ಲಿ ಬೇರು-ಸೊಪ್ಪಿನ ಪಂಡಿತರು. ಜನ ಹೇಗೂ ಅವರಲ್ಲಿಗೂ ಹೋಗುತ್ತಾರೆ, ಇವರಲ್ಲಿಗೂ ಹೋಗುತ್ತಾರೆ. ಇಬ್ಬರೂ ಒಂದೇ ಸೂರಿನಡಿ ಇದ್ದರೆ ರೋಗಿಯ ಹೊಟ್ಟೆಯಲ್ಲಿ ಏನೇನಿದೆಯೆಂದು ಇಬ್ಬರಿಗೂ ಗೊತ್ತಿರುತ್ತದೆ ಎಂಬುದು ಇಲಾಖೆಯ ಲೆಕ್ಕಾಚಾರ. ಲೆಕ್ಕಾಚಾರವೇನೋ ಬಂಗಾರದಂಥದ್ದು. ಆದರೆ ಇಲಾಖೆ ಸೂರು ಕೊಟ್ಟಿತೇ ಹೊರತು ಮಾತುಕತೆ ಕೊಟ್ಟಿರಲಿಲ್ಲ. ಪಂಡಿತರ ಕಪಾಟಿನಲ್ಲಿರುವುದು ಒಣಕಸ ಎಂದು ಡಾಕ್ಟರಮ್ಮ ಅಂದುಕೊಂಡಿದ್ದರು. ಡಾಕ್ಟರಮ್ಮನ ಮಾತ್ರೆಗೂ ಗೋಡೆಯ ಸುಣ್ಣಕ್ಕೂ ದೊಡ್ಡ ವ್ಯತ್ಯಾಸವಿಲ್ಲ ಎಂದು ಪಂಡಿತರು ಅಂದುಕೊಂಡಿದ್ದರು. ಎದುರಾದಾಗ ಇಬ್ಬರೂ ನಮಸ್ಕಾರ ಹೇಳಿ, ಬಾಗಿಲು ಹಾಕಿಕೊಳ್ಳುತ್ತಿದ್ದರು.

ಮಾವ ಸೋಮವಾರ ಡಾಕ್ಟರಮ್ಮನ ರೋಗಿ, ಶುಕ್ರವಾರ ಪಂಡಿತರ ರೋಗಿ. ಇಬ್ಬರ ಔಷಧಿಯನ್ನೂ ಭಯಭಕ್ತಿಯಿಂದ ತೆಗೆದುಕೊಳ್ಳುತ್ತಿದ್ದ. ಇಲ್ಲೇ ಅವನ ಕಸುಬಿನ ಧರ್ಮ ಅಡ್ಡ ಬಂತು. ಬೇರೆಯವನು ಹೊಲಿದ ಅಂಗಿ ತೊಟ್ಟುಕೊಂಡು ಒಬ್ಬ ಟೈಲರನ ಎದುರು ನಿಲ್ಲಬಾರದು. ನಿಂತರೆ ಅವನ ಮುಖಕ್ಕೆ ಹೊಡೆದಂತೆ. ಮಾವನ ಅಂಗಡಿಯಲ್ಲಿ ಕಲಿತ ಯಾವ ಟೈಲರನೂ ಈ ಮರ್ಯಾದೆ ಮೀರುವುದಿಲ್ಲ. ಹಾಗಿರುವಾಗ ಪಂಡಿತರ ಕಷಾಯ ಹೊಟ್ಟೆಯಲ್ಲಿಟ್ಟುಕೊಂಡು ಡಾಕ್ಟರಮ್ಮನ ಎದುರು ಹೇಗೆ ಕೂರುವುದು? ಅದಕ್ಕೆ ಸೋಮವಾರ ಹತ್ತಿರ ಬಂತೆಂದರೆ ಕಷಾಯ ಬಂದ್. ಶುಕ್ರವಾರ ಹತ್ತಿರ ಬಂತೆಂದರೆ ಮಾತ್ರೆ ಬಂದ್. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಇಳಿಯದ್ದು ಕಂಡಾಗಲೆಲ್ಲ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಮಾತ್ರೆ ಹೆಚ್ಚಿಸಿದರು. ಪಂಡಿತರು ನಾಡಿ ಹಿಡಿದು, ತಲೆಯಾಡಿಸಿ, ಕಷಾಯ ಹೆಚ್ಚಿಸಿದರು. ಮಾವ ಇಬ್ಬರಿಗೂ ಆಗ್ಲಿ ಎಂದ. ನಡುವೆ ಉಳಿದ ದಿನಗಳಲ್ಲಿ ಮಾತ್ರ ಹೆಚ್ಚಿಸಿದ ಮಾತ್ರೆಯೂ ಹೆಚ್ಚಿಸಿದ ಕಷಾಯವೂ ಅವನ ಬಡಕಲು ಮೈಯೊಳಗೆ ಒಟ್ಟಿಗೇ ಇಳಿದು, ಇದ್ದ ಸಕ್ಕರೆಯನ್ನೆಲ್ಲ ಗುಡಿಸಿ ಹಾಕುತ್ತಿದ್ದವು.

ಕೈ ನಡುಗತೊಡಗಿತು. ಕತ್ತರಿ ಹಿಡಿದರೆ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಒಂದು ಕಡೆ, ಕತ್ತರಿ ಒಂದು ಕಡೆ. ಪೊಲೀಸಪ್ಪನ ಅಂಗಿಗೆ ಎರಡೂ ಎಡಗೈ ತೋಳು ಹಚ್ಚಿದ. ಶಾಲೆಯ ಚಡ್ಡಿಯೊಂದಕ್ಕೆ ಕಾಲು ತೂರಿಸುವ ಜಾಗವನ್ನೇ ಮುಚ್ಚಿ ಹೊಲಿದ. ಹೆಂಡತಿ ಗುಂಡಿ ಹಚ್ಚುತ್ತಾ ಎಲ್ಲವನ್ನೂ ನೋಡುತ್ತಿದ್ದಳು. ನಗಬೇಕೆನಿಸಿತು, ನಗು ಬರಲಿಲ್ಲ. ಈ ಮನೆಯಲ್ಲಿ ಒಲೆ ಉರಿಯುವುದು ಆ ಎರಡು ಕೈಗಳಿಂದಲೇ ಎಂಬುದು ಅವಳಿಗೆ ಗೊತ್ತಿತ್ತು.

“ಏನಾಗ್ತಿದೆ ನಿಮಗೆ? ಬೆವರು ನೋಡಿ, ಅಂಗಿ ಹಿಂಡಬಹುದು.”

“ಸೆಕೆ ಕಣೆ.”

“ಫ್ಯಾನ್ ನಿಮ್ಮ ನೆತ್ತಿ ಮೇಲೇ ತಿರುಗ್ತಿದೆ.”

“ಹಾಗಾದ್ರೆ ಫ್ಯಾನಿಗೇ ಸೆಕೆ ಇರ್ಬೇಕು” ಎಂದ ಮಾವ, ಮಾತು ಮುಗಿಸುವ ಮೊದಲೇ ಮಷೀನಿನ ಮೇಲೆ ಮುಖ ಅಡಿಯಾಗಿ ಬಿದ್ದ. ಸೂಜಿ ಕೆನ್ನೆಯಿಂದ ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು.

ಆಟೋದಲ್ಲಿ ಹಾಕಿಕೊಂಡು ಹೋದರು. ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿದರು, ಸಕ್ಕರೆ ಪಾತಾಳದಲ್ಲಿತ್ತು. ಕೈಗೆ ಸೂಜಿ ಹಾಕಿ ಗ್ಲೂಕೋಸ್ ಏರಿಸಿದರು. ಗಲಾಟೆ ಕೇಳಿ ಪಂಡಿತರೂ ಬಂದು ಮಂಚದ ಇನ್ನೊಂದು ಮಗ್ಗುಲಲ್ಲಿ ನಿಂತರು. ಮಾವ ಕಣ್ಣು ಬಿಟ್ಟಾಗ ಎಡಗಡೆ ಮಾತ್ರೆ, ಬಲಗಡೆ ಕಷಾಯ. ಅಂಥ ಇಕ್ಕಟ್ಟು ಯಾವ ರಣರಂಗದಲ್ಲೂ ಯಾವ ವೀರನಿಗೂ ಬಂದಿರಲಾರದು. ಅವನು ಮತ್ತೆ ಕಣ್ಣು ಮುಚ್ಚಿಕೊಂಡ.

“ಮಾವ, ನನ್ನ ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೋತಿದ್ದೀರಾ?” ಎಂದು ಕೇಳಿದರು ಡಾಕ್ಟರಮ್ಮ.

“ಇಲ್ಲಮ್ಮ.”

ಪಂಡಿತರ ಮುಖ ಸಣ್ಣಗಾಯಿತು. “ಅಂದ್ರೆ ನನ್ನ ಕಷಾಯ ಕುಡೀತಾನೇ ಇಲ್ವೇನಪ್ಪಾ?”

“ಕುಡೀತೀನಿ ಪಂಡಿತರೇ.”

“ಯಾವುದು ನಿಜ?”

ಮಾವ ಸೂರಿನ ಕಡೆ ನೋಡಿದ. “ಎರಡೂ ಆಗ್ಲಿ.”

ಹೆಂಡತಿಗೆ ರೇಗಿತು. “ಎರಡೂ ನುಂಗ್ತಾರಮ್ಮ. ನಿಮ್ಮ ಹತ್ರ ಬರೋ ಮುಂಚೆ ಅವರದ್ದು ನಿಲ್ಲಿಸ್ತಾರೆ, ಅವರ ಹತ್ರ ಹೋಗೋ ಮುಂಚೆ ನಿಮ್ಮದು. ಯಾಕೆ ಅಂದ್ರೆ ಮರ್ಯಾದೆಯಂತೆ. ನಿಮ್ಮಿಬ್ಬರ ಮನಸ್ಸಿಗೆ ನೋವಾಗ್ಬಾರ್ದು ಅಂತ ನನ್ನ ಗಂಡ ಸಾಯ್ತಾ ಇದಾರೆ. ನೀವಿಬ್ರೂ ಒಂದೇ ಗೋಡೆಯ ಆಚೆ ಈಚೆ ಕೂರ್ತೀರಲ್ಲ, ಒಂದ್ಸಲ ಮಾತಾಡ್ಕೋಬಾರ್ದಾ?”

ಪಂಡಿತರು ಡಾಕ್ಟರಮ್ಮನ ಕಡೆ ತಿರುಗಿದರು. “ಇವರಿಗೆ ಏನೂ ನಾಟ್ತಿಲ್ಲ ಅಂತ ನಾನು ಪ್ರಮಾಣ ಹೆಚ್ಚಿಸ್ತಾ ಹೋದೆ.”

“ನಾನೂ ಅಷ್ಟೇ” ಎಂದರು ಡಾಕ್ಟರಮ್ಮ. ಆಮೇಲೆ ಸ್ಟೂಲೊಂದನ್ನು ಎಳೆದು ಅವರತ್ತ ಸರಿಸಿದರು. “ಕೂತ್ಕೊಳ್ಳಿ ಪಂಡಿತರೇ. ಆ ಕಷಾಯದಲ್ಲಿ ಏನೇನು ಹಾಕ್ತೀರಿ, ಹೇಳಿ.”

ಪಂಡಿತರು ಹೇಳಿದರು. ಅದರಲ್ಲಿ ಎರಡು ಬೇರುಗಳು ತಾವಾಗಿಯೇ ಸಕ್ಕರೆ ಇಳಿಸುವಂಥವು. ಡಾಕ್ಟರಮ್ಮ ಒಣಕಸ ಎಂಬ ತಮ್ಮ ಮಾತನ್ನು ಒಳಗೊಳಗೇ ನುಂಗಿಕೊಂಡರು. ಪಂಡಿತರು ಮಾತ್ರೆಯ ಬಲ ಎಷ್ಟೆಂದು ಕೇಳಿಕೊಂಡು ಸುಣ್ಣವನ್ನು ಮರೆತರು. ಸದ್ಯಕ್ಕೆ ಕಷಾಯ ನಿಲ್ಲಿಸಿ, ಮಾತ್ರೆ ಮೊದಲಿನಷ್ಟಕ್ಕೇ ಇಳಿಸಿ, ಊಟ-ನಡಿಗೆ-ನಿದ್ದೆ ಪಂಡಿತರು ನೋಡಿಕೊಳ್ಳುವುದೆಂದು ತೀರ್ಮಾನವಾಯಿತು. ಮುಂದೆ ಅವರು ಏನೇ ಕೊಡುವುದಿದ್ದರೂ ಡಾಕ್ಟರಮ್ಮನಿಗೆ ಹೇಳಿಯೇ ಕೊಡಬೇಕು. ಡಾಕ್ಟರಮ್ಮನೂ ಅವರನ್ನು ಕೇಳದೆ ಏರಿಸುವ ಹಾಗಿಲ್ಲ. ಮಾವ ಬರಬೇಕಾದ್ದು ಒಂದೇ ದಿನ, ಕೂರಬೇಕಾದ್ದು ಇಬ್ಬರ ಎದುರೂ.

ಮಳೆಗಾಲ ಮುಗಿಯುವಷ್ಟರಲ್ಲಿ ಕೈ ನಡುಕ ನಿಂತಿತು. ಪೊಲೀಸಪ್ಪನಿಗೆ ಬಲಗೈ ತೋಳು ಸಿಕ್ಕಿತು. ಮಾವನನ್ನು ನೋಡಿ ಇತರ ರೋಗಿಗಳೂ ಚೀಲದ ತಳದಿಂದ ಪುಡಿ, ಲೇಹ್ಯ, ಎಣ್ಣೆಗಳನ್ನು ತೆಗೆದು ಇಬ್ಬರ ಮುಂದೆ ಇಡತೊಡಗಿದರು. ಸುದ್ದಿ ಇಲಾಖೆಗೆ ಮುಟ್ಟಿ, ಒಬ್ಬ ದೊಡ್ಡ ಅಧಿಕಾರಿ ಜೀಪಿನಲ್ಲಿ ಬಂದರು. ಮಾವನಿಗೆ ಹೂಮಾಲೆ ಹಾಕಿದರು. ಅದಕ್ಕೂ ಅವನು ಬೇಡವೆನ್ನಲಿಲ್ಲ. ಎರಡು ಮಹಾನ್ ಪದ್ಧತಿಗಳ ನಡುವೆ ಈ ಸಾಮಾನ್ಯ ಟೈಲರ್ ಸೇತುವೆಯಾದನೆಂದು ಅಧಿಕಾರಿಗಳು ಬಹಳ ಹೊತ್ತು ಮಾತಾಡಿದರು. ಕೊನೆಗೆ ಮೈಕನ್ನು ಅವನ ಬಾಯಿಗೆ ಹಿಡಿದು ಕೇಳಿದರು:

“ಹೇಳಿ ಯಜಮಾನ್ರೇ, ಡಾಕ್ಟರಮ್ಮನ ಹತ್ರ ಹೋಗ್ತಿದ್ರೂ ಪಂಡಿತರ ವಿದ್ಯೆ ಮೇಲೂ ನಿಮಗೆ ನಂಬಿಕೆ ಹುಟ್ಟಿತಲ್ಲ, ಅದು ಹೇಗೆ?”

“ನಂಬಿಕೆ ಏನಿಲ್ಲ ಸಾರ್” ಎಂದ ಮಾವ. “ಹೊರಗೆ ಕಾಯ್ತಾ ಕೂತಿದ್ದೆ. ಪಂಡಿತರ ಕೋಣೇಲಿ ಯಾರೂ ಇರ್ಲಿಲ್ಲ, ನನ್ನ ನೋಡಿ ನಕ್ಕರು. ಎದ್ದು ಹೋಗದಿದ್ರೆ ಏನಂದ್ಕೋತಾರೋ ಅಂತ ಹೋದೆ.”